ಓಟು ಇರುವ ಕಡೆ ನೀರು

ಮನೆ ಬದಲಾಯಿಸಿದ ದಿನ ಎಲ್ಲರೂ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುತ್ತಾರೆ. ನಾನೂ ಉಕ್ಕಿಸುತ್ತೇನೆ. ಆದರೆ ಮಾರನೆಯ ಬೆಳಿಗ್ಗೆ, ಗಂಟುಮೂಟೆ ಇನ್ನೂ ಬಿಚ್ಚಿರುವುದಿಲ್ಲ, ನಾನು ನನ್ನ ಓಟನ್ನು ಹೊಸ ವಿಳಾಸಕ್ಕೆ ತರಲು ಹೊರಟಿರುತ್ತೇನೆ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ, ಆಗಲೇ ಓಟಿನ ಚಿಂತೆ ಎಂದು ನಮ್ಮನೆಯವರು ನಗುತ್ತಾರೆ. ನಗಲಿ. ಉಪ್ಪು ಪಕ್ಕದ ಮನೆಯಲ್ಲಿ ಕೇಳಿದರೆ ಸಿಗುತ್ತದೆ, ಓಟು ಸಿಗುವುದಿಲ್ಲ. ಈ ಪಾಠವನ್ನು ನನಗೆ ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಬಿಡದಿಯ ಪಕ್ಕದ ಒಂದು ಹಳ್ಳಿಯ ನೀರಿನ ತೊಂಬೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಾರಿನ ಫ್ಯಾಕ್ಟರಿ ಬಂದ ಮೇಲೆ ಅದರ ಬೆನ್ನಿಗೇ ಬಿಡಿಭಾಗ ಮಾಡುವ ಸಣ್ಣ ಸಣ್ಣ ಫ್ಯಾಕ್ಟರಿಗಳು ಸಾಲಾಗಿ ಎದ್ದಿದ್ದವು. ಅಂಥದೊಂದರಲ್ಲಿ ನಮ್ಮನೆಯವರಿಗೆ ಕೆಲಸ ಸಿಕ್ಕಿತು. ನಮ್ಮದು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯ ಹಳ್ಳಿ. ಮೊದಲು ಅವರು ಊರಿಂದಲೇ ಓಡಾಡಿದರು. ಚನ್ನಪಟ್ಟಣದವರೆಗೆ ಬಸ್ಸು, ಅಲ್ಲಿಂದ ಬಿಡದಿಗೆ ರೈಲು. ಸೆಕೆಂಡ್ ಶಿಫ್ಟ್ ಬಂದಾಗ ವಾಪಸ್ಸು ಬರಲು ರೈಲೂ ಇಲ್ಲ, ಬಸ್ಸೂ ಇಲ್ಲ. ಮನೆಗೆ ಬಂದು ಮಲಗುವುದಕ್ಕಿಂತ ದಾರಿಯಲ್ಲಿ ತೂಕಡಿಸುವುದೇ ಹೆಚ್ಚಾಯಿತು. ಕೊನೆಗೆ ನಾನೇ ಹಟ ಹಿಡಿದೆ. ಎರಡು ಪಾತ್ರೆ, ಒಂದು ಚಾಪೆ, ಒಂದು ಸ್ಟೌ ಕಟ್ಟಿಕೊಂಡು ಬಿಡದಿಯ ಕಡೆ ಬಾಡಿಗೆ ಮನೆಗೆ ಬಂದೆವು.

ಮನೆ ಎನ್ನುವುದು ಗೌರವಕ್ಕೆ. ಜಮೀನೆಲ್ಲ ಫ್ಯಾಕ್ಟರಿಗೆ ಹೋಗಿ ಉಳಿದ ತುಂಡಿನಲ್ಲಿ ಯಾರೋ ಪುಣ್ಯಾತ್ಮ ರೈಲು ಬೋಗಿಯ ಹಾಗೆ ಒಂದರ ಪಕ್ಕ ಒಂದು ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಅವನು ಮಾತ್ರ ಬಿಡದಿ ಪೇಟೆಯಲ್ಲಿ ವಾಸ. ನಮ್ಮ ಸಾಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಬಿಟ್ಟು ಬಂದ ತಾಲ್ಲೂಕೇ ಹೆಸರು. ಕನಕಪುರದ ಅಣ್ಣ ಒಬ್ಬ, ಮಾಗಡಿ ಅಕ್ಕ ಒಬ್ಬಳು. ನಾನು ಹುಟ್ಟಿದ್ದು ಕನಕಪುರದ ಸೀಮೆಯಲ್ಲಿ, ಆದರೆ ಕೊಟ್ಟ ಊರಿನ ಲೆಕ್ಕದಲ್ಲಿ ನಾನು ಚನ್ನಪಟ್ಟಣದೋಳು. ಮಾಗಡಿ ಅಕ್ಕ ನನ್ನ ಪಕ್ಕದ ಕೋಣೆಯವಳು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ನಾನು ಅನ್ನಕ್ಕೆ ಇಟ್ಟ ಅಕ್ಕಿ ಉಕ್ಕಿದರೆ ಅವಳು ತನ್ನ ಮನೆಯಿಂದ ಓಡಿ ಬಂದು ಒಲೆ ಸಣ್ಣ ಮಾಡುವಷ್ಟು ನಮ್ಮವಳು.

ನಮ್ಮ ಸಾಲಿಗೆ ನಲ್ಲಿ ಇರಲಿಲ್ಲ. ಹಳ್ಳಿಯ ನಡುವೆ ಪಂಚಾಯಿತಿಯವರು ಕಟ್ಟಿಸಿದ ಸಿಮೆಂಟಿನ ತೊಂಬೆ ಇತ್ತು. ಸುತ್ತ ನಲ್ಲಿಗಳು, ಕೆಲವು ಮುರಿದಿದ್ದವು. ಬೆಳಿಗ್ಗೆ ಕರೆಂಟು ಇರುವಷ್ಟು ಹೊತ್ತು ಮೋಟಾರು, ಮೋಟಾರು ಇರುವಷ್ಟು ಹೊತ್ತು ನೀರು. ತೊಂಬೆಯ ಎದುರು ಮನೆಯ ಜಗಲಿಯ ಮೇಲೆ ಎಲೆಯಡಿಕೆ ಚೀಲ ಇಟ್ಟುಕೊಂಡು ಒಬ್ಬ ಮುದುಕಿ ಕೂತಿರುತ್ತಿದ್ದಳು. ಊರಿಗೆಲ್ಲ ಅವಳು ದೊಡ್ಡವ್ವ. ಬಿಂದಿಗೆಗಳ ಸಾಲಿಗೆ ಅವಳೇ ಅಧಿಕಾರಿ, ಅವಳೇ ಪೊಲೀಸು. ಊರವರ ಬಿಂದಿಗೆ ಮುಂದೆ, ಬಾಡಿಗೆಯವರ ಬಿಂದಿಗೆ ಹಿಂದೆ. ನಾನು ಕತ್ತಲಿರುವಾಗಲೇ ಹೋಗಿ ಬಿಂದಿಗೆ ಇಟ್ಟರೂ, ಅವಳು ಜಗಲಿ ಇಳಿದು ಬಂದು ಕಾಲಿನಿಂದ ಅದನ್ನು ಹಿಂದಕ್ಕೆ ಸರಿಸುವಳು. ನನ್ನ ಬಿಂದಿಗೆಯ ಸರದಿ ಬರುವ ಹೊತ್ತಿಗೆ ನಲ್ಲಿ ಬರೀ ಗಾಳಿ ಉಸಿರುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಗೊತ್ತು, ಜಗಳವೂ ಗೊತ್ತು. ಮೊದಲ ವಾರ ಸುಮ್ಮನಿದ್ದೆ. ಆಮೇಲೆ ಒಂದು ದಿನ ಬಿಂದಿಗೆಯನ್ನು ಎತ್ತಿ ಮತ್ತೆ ಮುಂದಕ್ಕೆ ಇಟ್ಟೆ. ಅವಳು ಹಿಂದಕ್ಕೆ ಇಟ್ಟಳು. ನಾನು ಮುಂದಕ್ಕೆ ಇಟ್ಟೆ. ಬೀದಿಯ ಹೆಂಗಸರು ನೀರು ಹಿಡಿಯುವುದನ್ನು ಮರೆತು ನೋಡತೊಡಗಿದರು. ಇದು ಸರ್ಕಾರದ ನೀರು, ನಿಮ್ಮ ಮನೆಯ ಹಿತ್ತಲ ಬಾವಿಯದಲ್ಲ ಎಂದೆ. ಆಗ ದೊಡ್ಡವ್ವ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದು ಹೇಳಿದಳು:

"ನಮ್ ಹೊಲ ಹೋದ ಜಾಗದಲ್ಲಿ ನಿನ್ ಗಂಡ ಸಂಬಳ ಎಣಿಸ್ತಾವ್ನೆ. ಈಗ ನೀರೂ ನಿಂಗೇ ಮೊದ್ಲು ಬೇಕಾ? ನಿನ್ ಓಟು ಎಲ್ಲೈತೆ? ಅಲ್ಲಿ ಹೋಗಿ ಕೇಳು ನೀರ್ನ."

ಅವಳ ಮಾತಿನ ಮೊದಲ ಅರ್ಧ ನಿಜ. ಫ್ಯಾಕ್ಟರಿಯ ಕಾಂಪೌಂಡಿನ ಒಳಗೆ ಅವಳ ರಾಗಿ ಹೊಲ ಇತ್ತು, ಅವಳ ಹಿರಿಯರನ್ನು ಮಣ್ಣು ಮಾಡಿದ ಗುಡ್ಡೆಗಳೂ ಇದ್ದವು. ಎರಡನೆಯ ಅರ್ಧ? ಅದೂ ನಿಜ. ನಮ್ಮ ಸಾಲಿನಲ್ಲಿ ಅಷ್ಟು ಜನ ಇದ್ದರೂ ಆ ಹಳ್ಳಿಯಲ್ಲಿ ನಮ್ಮದೊಂದೂ ಓಟಿರಲಿಲ್ಲ. ಪಂಚಾಯಿತಿ ಮೆಂಬರು ನಮ್ಮ ಸಾಲಿನ ಮುಂದೆ ದಿನಾ ಬೈಕಿನಲ್ಲಿ ಹೋಗುತ್ತಿದ್ದ, ಒಂದು ದಿನವೂ ಕತ್ತು ತಿರುಗಿಸಿರಲಿಲ್ಲ. ಯಾಕೆ ತಿರುಗಿಸುತ್ತಾನೆ? ನಾವು ಅವನ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಅವತ್ತು ಖಾಲಿ ಬಿಂದಿಗೆ ಸೊಂಟದಲ್ಲಿ ಇಟ್ಟುಕೊಂಡು ಬರುವಾಗ ನನಗೆ ಅಳು ಬಂತು, ಅಳುವಿಗಿಂತ ಜಾಸ್ತಿ ಸಿಟ್ಟು ಬಂತು. ನನ್ನ ಓಟನ್ನು ಈ ತೊಂಬೆಯ ಮುಂದಕ್ಕೆ ತಂದು ನಿಲ್ಲಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಸಾಲಿನವರಿಗೆ ಹೇಳಿದರೆ ಎಲ್ಲರೂ ನಕ್ಕರು. ನಮ್ಮ ಕಡೆ ಯಾರೂ ಓಟನ್ನು ಊರಿಂದ ಕೀಳುವುದಿಲ್ಲ. ದುಡಿಯಲು ಎಲ್ಲಿಗಾದರೂ ಹೋಗು, ಓಟು ಮಾತ್ರ ಹುಟ್ಟಿದ ಊರಿನಲ್ಲಿ ಇರಬೇಕು. ಎಲೆಕ್ಷನ್ ಬಂದರೆ ಅದೇ ನೆಪದಲ್ಲಿ ಊರಿಗೆ ಹೋಗುವುದು, ಬಾಡೂಟ ಉಣ್ಣುವುದು, ಅಣ್ಣತಮ್ಮಂದಿರ ಮುಖ ನೋಡುವುದು. ಓಟು ಕಿತ್ತುಕೊಂಡು ಹೋದವನು ಪಾಲು ತೆಗೆದುಕೊಂಡು ಹೋದ ಹಾಗೆ. ನಮ್ಮ ಮಾವನವರಿಗಂತೂ ಓಟೇ ಮನೆಯ ಮರ್ಯಾದೆ. ಯಾರು ಓಟು ಕೇಳಲು ಬಂದರೂ "ನಮ್ಮನೇಲಿ ಹನ್ನೊಂದು ಓಟವೆ" ಎಂದು ಮೀಸೆ ಸವರಿಕೊಂಡು ಹೇಳುವವರು. ಹನ್ನೊಂದು ಹತ್ತಾಗುತ್ತದೆ ಎಂದರೆ ಅವರ ಪಾಲಿಗೆ ಹಟ್ಟಿಯ ಒಂದು ಎತ್ತು ಹೋದ ಹಾಗೆ. ಅದೂ ಸೊಸೆ ಬಿಚ್ಚಿಕೊಂಡು ಹೋದಳು ಎಂದರೆ ಕೇಳುವುದೇ ಬೇಡ.

ನಮ್ಮನೆಯವರು ಇದನ್ನೆಲ್ಲ ಹೇಳಿ, ಒಸಿ ತಡೆದುಕೋ, ಮುಂದೆ ನೋಡೋಣ ಎಂದರು. ಮುಂದೆ ನೋಡೋಣ ಎನ್ನುವವರು ನೀರು ಹೊರುವವರಲ್ಲ. ನಾನು ಅರ್ಜಿ ತಂದೆ.

ಅರ್ಜಿಗೆ ವಿಳಾಸದ ಪುರಾವೆ ಬೇಕು. ಮನೆ ಓನರ್ ಬಾಡಿಗೆ ಚೀಟಿ ಕೊಡಲಿಲ್ಲ. ಚೀಟಿ ಕೊಟ್ಟರೆ ಬಾಡಿಗೆಯವರು ಮನೆಯನ್ನೇ ನುಂಗುತ್ತಾರೆ ಎಂದು ಯಾರೋ ಅವನ ಕಿವಿ ಊದಿದ್ದರು. ಅಂಚೆಯಲ್ಲಿ ಹೆಸರಿಗೆ ಬಂದ ಕಾಗದ ಆದರೂ ನಡೆಯುತ್ತದೆ ಎಂದು ಕಚೇರಿಯಲ್ಲಿ ಹೇಳಿದರು. ನನಗೆ ಯಾರು ಕಾಗದ ಬರೆಯುತ್ತಾರೆ? ತಮ್ಮನಿಗೆ ಹೇಳಿದರೆ ಫೋನಿದೆಯಲ್ಲ ಎಂದ. ಕೊನೆಗೆ ರಾಮನಗರಕ್ಕೆ ಹೋದಾಗ ಒಂದು ಇನ್‌ಲ್ಯಾಂಡ್ ಕಾಗದ ಕೊಂಡು ನನಗೆ ನಾನೇ ಬರೆದುಕೊಂಡೆ. ಒಳಗೆ ಏನು ಬರೆಯುವುದು ಎಂದು ತೋಚದೆ, "ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ, ಆರೋಗ್ಯದ ಕಡೆ ಗಮನವಿರಲಿ" ಎಂದು ಬರೆದೆ. ಅದು ಬಂದ ದಿನ ಪೋಸ್ಟ್‌ಮ್ಯಾನ್ ಸಾಲಿನ ಒಂದೊಂದೇ ಬಾಗಿಲು ಬಡಿದು ನನ್ನ ಹೆಸರು ಕೂಗಿದ. ಆ ಸಾಲಿನಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಯಾರಾದರೂ ಕೂಗಿದ್ದು ಅದೇ ಮೊದಲು. ಹಿಗ್ಗು ತಡೆಯಲಾಗದೆ ಕಾಗದವನ್ನು ಒಡೆದು ಓದಿಯೂ ಓದಿದೆ.

ಅರ್ಜಿ ಕೊಟ್ಟೆ. ಸಿಟ್ಟು ಅಷ್ಟಕ್ಕೆ ನಿಲ್ಲಲಿಲ್ಲ. ಊರಿನ ಪಟ್ಟಿಯಲ್ಲಿ ನನ್ನ ಹೆಸರು ತೆಗೆಯಿರಿ ಎಂದು ಅಲ್ಲೂ ಒಂದು ಅರ್ಜಿ ಬರೆದು ಹಾಕಿದೆ. ಸೇರಿಸಿ ಎಂದರೆ ತಿಂಗಳುಗಟ್ಟಲೆ, ತೆಗೆಯಿರಿ ಎಂದರೆ ತಕ್ಷಣ. ಊರಿನಲ್ಲಿ ಹೆಸರು ಹೋಯಿತು. ಮಾವನವರು ನಮ್ಮನೆಯವರೊಡನೆ ಫೋನಿನಲ್ಲಿ ಒಂದೇ ಮಾತು ಆಡಿದರಂತೆ: "ನಿನ್ ಹೆಂಡ್ರು ಮನೆ ಬುಟ್ಟೋದ್ಲು ಅಂತ ತಿಳ್ಕತೀನಿ."

ಅಷ್ಟರಲ್ಲಿ ನಾನು ಬಸುರಿ. ಬಸುರಿಯಾದರೂ ತೊಂಬೆಯ ಮುಂದಿನ ಜಗಳ ನಿಲ್ಲಲಿಲ್ಲ. ಒಂದು ಬದಲಾವಣೆ ಮಾತ್ರ ಆಯಿತು: ನನ್ನ ಬಿಂದಿಗೆಯನ್ನು ದೊಡ್ಡವ್ವ ಹಿಂದಕ್ಕೆ ಸರಿಸುತ್ತಿದ್ದಳು, ಆದರೆ ತುಂಬಿದ ಮೇಲೆ ನನ್ನ ಸೊಂಟಕ್ಕೆ ಎತ್ತಿ ಕೊಡಲು ಯಾರಾದರೂ ಹುಡುಗಿಯನ್ನು ಗದರಿಸಿ ಕಳಿಸುತ್ತಿದ್ದಳು. ಅದನ್ನು ನಾನು ಆಗ ಗಮನಿಸಲಿಲ್ಲ. ಏಳು ತುಂಬಿದ ಮೇಲೆ ಅಮ್ಮ ಬಂದು ನನ್ನನ್ನು ಕನಕಪುರದ ಕಡೆ, ತವರಿಗೆ ಕರೆದುಕೊಂಡು ಹೋದಳು. ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ಹೆಣ್ಣುಮಗು. ಐದನೇ ತಿಂಗಳಿನಲ್ಲಿ ಮಗುವನ್ನು ಎತ್ತಿಕೊಂಡು ಬಿಡದಿಗೆ ವಾಪಸ್ಸು ಬಂದೆ. ಬಂದ ಮೇಲೆ ಮೊದಲು ಮಾಡಿದ ಕೆಲಸ ಶಾಲೆಗೆ ಹೋದದ್ದು. ಅಲ್ಲಿ ಹೊಸ ಮತದಾರರ ಪಟ್ಟಿಯನ್ನು ನೋಡಲು ಇಟ್ಟಿದ್ದರು, ಸ್ವಲ್ಪ ದಿನಕ್ಕೇ ಪಂಚಾಯಿತಿ ಎಲೆಕ್ಷನ್ ಇತ್ತು.

ಪಟ್ಟಿಯಲ್ಲಿ ನಾನಿರಲಿಲ್ಲ.

ಪಟ್ಟಿಯ ಕೆಲಸ ನೋಡಿಕೊಳ್ಳುತ್ತಿದ್ದವರು ಅದೇ ಶಾಲೆಯ ಮೇಷ್ಟ್ರು. ಒಳ್ಳೆಯ ಮನುಷ್ಯ, ಪಾಠದ ಜೊತೆಗೆ ದನದ ಲೆಕ್ಕ, ಜನದ ಲೆಕ್ಕ, ಓಟಿನ ಲೆಕ್ಕ ಎಲ್ಲ ತಲೆಗೆ ಬಿದ್ದು ಸೋತಿದ್ದರು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು ಮೆತ್ತಗೆ ಹೇಳಿದರು. ಅರ್ಜಿ ತಪಾಸಣೆಗೆಂದು ಅವರು ನಮ್ಮ ಸಾಲಿಗೆ ಒಂದಲ್ಲ, ಎರಡು ಮೂರು ಸಲ ಬಂದಿದ್ದರು. ಬಂದಾಗಲೆಲ್ಲ ಬಾಗಿಲಿಗೆ ಬೀಗ. ನಮ್ಮನೆಯವರು ಶಿಫ್ಟಿಗೆ ಹೋಗಿರುತ್ತಿದ್ದರು. ಪಕ್ಕದ ಮನೆಯಲ್ಲಿ ಕೇಳಿದರೆ ಗೊತ್ತಿಲ್ಲ ಎಂದರು, ಹೀಗಾಗಿ ವಾಸವಿಲ್ಲ ಎಂದು ಬರೆದೆ ಎಂದರು.

ಪಕ್ಕದ ಮನೆ ಎಂದರೆ ಮಾಗಡಿ ಅಕ್ಕ. ನಾನು ಬಿರುಗಾಳಿಯ ಹಾಗೆ ಸಾಲಿಗೆ ಬಂದೆ. ಅಕ್ಕ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕೇಳಿದ ಕೂಡಲೇ ಅವಳ ಮುಖ ಬಿಳಿಚಿತು. ಒಬ್ಬ ಗಂಡಸು ಪೆನ್ನು ಹಿಡಿದು ಬಂದು ನನ್ನ ಹೆಸರು ಹೇಳಿ, ಎಲ್ಲಿ ಹೋಗಿದ್ದಾರೆ ಎಂದು ಕೇಳಿದನಂತೆ. ತುಂಬಿದ ಬಸುರಿಯ ಸುದ್ದಿಯನ್ನು ಗುರುತಿಲ್ಲದ ಗಂಡಸಿನ ಮುಂದೆ ಆಡುತ್ತಾರೆಯೇ? ದೃಷ್ಟಿಯಾದರೆ? ಗೊತ್ತಿಲ್ಲ ಎಂದಳಂತೆ. ಮತ್ತೆ ಬರುತ್ತಾರಾ ಎಂದು ಕೇಳಿದನಂತೆ. ಹೆರಿಗೆಗೆ ಹೋದವಳು ಬಂದೇ ಬರುತ್ತಾಳೆ ಎಂದು ಅಷ್ಟು ಧೈರ್ಯವಾಗಿ ಹೇಳಿದರೆ ದೇವರಿಗೆ ಸವಾಲು ಹಾಕಿದ ಹಾಗೆ.

"ದೇವ್ರು ನಡೆಸ್ದಂಗೆ ಅಂದೆ ಕಣವ್ವ," ಎಂದಳು ಅಕ್ಕ. "ಇನ್ನೇನಂತ ಅನ್ಲಿ? ನೀನು ಉಳ್ಕಂಡು ಬರ್ಲಿ ಅಂತ ತಾನೆ ನಾನು ಬಾಯಿ ಮುಚ್ಕಂಡಿದ್ದು."

ಅವಳ ಮೇಲೆ ಸಿಟ್ಟು ಮಾಡುವುದು ಹೇಗೆ? ನನ್ನ ಜೀವ ಕಾಯಲು ಅವಳು ನನ್ನ ಓಟನ್ನು ಹರಕೆ ಕೊಟ್ಟಿದ್ದಳು, ಪಾಪ, ಅವಳಿಗೇ ಗೊತ್ತಿಲ್ಲದೆ. ಮೇಷ್ಟ್ರ ಜಾಗದಲ್ಲಿ ನಾನಿದ್ದರೂ ವಾಸವಿಲ್ಲ ಎಂದೇ ಬರೆಯುತ್ತಿದ್ದೆ. ಈಗ ನಾನು ಊರಿನಲ್ಲೂ ಇಲ್ಲ, ಇಲ್ಲೂ ಇಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ಅತ್ತೆ ಹೇಳಿ ಕಳಿಸಿದರು. ನಲವತ್ತು ಮೈಲಿಯ ಒಳಗೆ ತವರು, ಗಂಡನ ಮನೆ, ಬಾಡಿಗೆ ಮನೆ ಎಂದು ಮೂರು ಮನೆಗಳಿದ್ದ ನಾನು, ಸರ್ಕಾರದ ಪಾಲಿಗೆ ಯಾವ ಮನೆಯಲ್ಲೂ ಇರಲಿಲ್ಲ. ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ, ನಿನ್ನ ಅಮ್ಮ ಇದ್ದಾಳೋ ಇಲ್ಲವೋ ಎಂದು ಕೇಳಿದೆ. ಅದು ನಕ್ಕಿತು.

ಹೆಸರು ಸೇರಿಸುವ ಕೊನೆಯ ದಿನ ಇನ್ನೂ ದಾಟಿರಲಿಲ್ಲ. ಮತ್ತೊಮ್ಮೆ ಅರ್ಜಿ ಕೊಡಿ, ಭಾನುವಾರ ಬೆಳಿಗ್ಗೆ ನಾನೇ ಸ್ಥಳಕ್ಕೆ ಬರುತ್ತೇನೆ ಎಂದರು ಮೇಷ್ಟ್ರು. ಆದರೆ ಒಮ್ಮೆ ವಾಸವಿಲ್ಲ ಎಂದು ಬರೆದಿರುವುದರಿಂದ, ಇವರು ಇಲ್ಲೇ ಖಾಯಂ ಇದ್ದಾರೆ ಎಂದು ಅದೇ ವಾರ್ಡಿನ ಮತದಾರರು ಒಬ್ಬರು ಹೇಳಿಕೆ ಕೊಡಬೇಕು. ನಮ್ಮ ಸಾಲಿನವರ ಮಾತು ನಡೆಯುವುದಿಲ್ಲ, ಅವರೇ ಪಟ್ಟಿಯಲ್ಲಿಲ್ಲ. ಓನರ್ ಓಟು ಬಿಡದಿ ಪೇಟೆಯಲ್ಲಿ. ಬೀದಿಯ ಒಂದೆರಡು ಮನೆಯಲ್ಲಿ ಕೇಳಿ ನೋಡಿದೆ. ದೊಡ್ಡವ್ವನ ಮಗ ಈ ಸಲ ಎಲೆಕ್ಷನ್ನಿಗೆ ನಿಲ್ಲುತ್ತಾನೆ, ಬಾಡಿಗೆಯವರ ಓಟು ಯಾವ ಕಡೆ ವಾಲುತ್ತದೋ ಏನೋ, ನಮಗ್ಯಾಕೆ ಊರ ಉಸಾಬರಿ ಎಂದು ಎಲ್ಲರೂ ಜಾರಿಕೊಂಡರು. ತೊಂಬೆಯ ಬೀದಿಯಲ್ಲಿ ದೊಡ್ಡವ್ವನ ಮನೆಯನ್ನು ಮೀರಿ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಅಂದರೆ ನಾನು ಆ ಹಳ್ಳಿಯಲ್ಲಿ ಇದ್ದೇನೆ ಎಂದು ಹೇಳಬಲ್ಲವಳು ಒಬ್ಬಳೇ, ಅವಳು ದೊಡ್ಡವ್ವ.

ಹೋಗಿ ಕೇಳು ಎಂದು ಮಾಗಡಿ ಅಕ್ಕ ಕಾಲು ಹಿಡಿದಳು. ನನ್ನಿಂದಾದ ತಪ್ಪು, ನಾನೇ ಹೋಗಿ ಕೇಳುತ್ತೇನೆ ಎಂದೂ ಹೊರಟಳು. ನಾನು ಬಿಡಲಿಲ್ಲ. ಕೇಳುವುದಾದರೆ ನಾನೇ ಕೇಳಬೇಕು. ಶನಿವಾರವೆಲ್ಲ ಮನಸ್ಸಿನಲ್ಲಿ ಮಾತು ಹೊಂದಿಸಿದೆ. ದೊಡ್ಡವ್ವ, ಆದದ್ದು ಆಯಿತು, ನಿಮ್ಮ ಮಗಳು ಅಂದುಕೊಳ್ಳಿ, ಒಂದು ಮಾತು ಹೇಳಿಬಿಡಿ. ಇದನ್ನು ಗಂಟಲಿಂದ ಹೊರಗೆ ತರುವುದು ಹೆರಿಗೆಗಿಂತ ಕಷ್ಟ ಎನಿಸಿತು, ಆದರೂ ಬಾಯಿಪಾಠ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಮಗುವನ್ನು ಅಕ್ಕನ ಕೈಯಲ್ಲಿ ಕೊಟ್ಟು, ಬಿಂದಿಗೆ ಹಿಡಿದು ತೊಂಬೆಯ ಹತ್ತಿರ ಹೋದೆ. ವಾಪಸ್ಸು ಬಂದ ಮೇಲೆ ಅಲ್ಲಿಗೆ ಹೋದದ್ದು ಅದೇ ಮೊದಲು. ಅಲ್ಲಿಯವರೆಗೆ ನೀರನ್ನು ನಮ್ಮನೆಯವರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಎಲ್ಲಿಂದಲೋ ತರುತ್ತಿದ್ದರು. ಬಿಂದಿಗೆಯನ್ನು ಸಾಲಿನಲ್ಲಿ ಇಟ್ಟು, ಸೆರಗು ಸರಿ ಮಾಡಿಕೊಂಡು, ಜಗಲಿಯ ಕಡೆ ತಿರುಗಿ ಮುಖದ ಮೇಲೆ ನಗು ತಂದುಕೊಂಡೆ. ದೊಡ್ಡವ್ವ ಜಗಲಿ ಇಳಿದು ಬಂದಳು. ನನ್ನ ಮುಖ ನೋಡಲಿಲ್ಲ. ಬಿಂದಿಗೆಯನ್ನು ನೋಡಿದಳು, ಕಾಲಿನಿಂದ ಹಿಂದಕ್ಕೆ ಸರಿಸಿದಳು.

ಬಾಯಿಪಾಠವೆಲ್ಲ ಹೋಯಿತು. ಐದು ತಿಂಗಳ ಬಾಣಂತನದ ಎಣ್ಣೆ, ಬೆಲ್ಲ, ಮೆಂತ್ಯ ಎಲ್ಲ ಒಟ್ಟಿಗೆ ನನ್ನ ಬಾಯಿಗೆ ಬಂದವು. ಹಸುಗೂಸಿನ ತಾಯಿಯ ಬಿಂದಿಗೆ ಒದೆಯುವ ಕಾಲಿಗೆ ಹುಳ ಬೀಳುವುದಿಲ್ಲವಾ ಎಂದೆ. ಬಂದ್ಲಪ್ಪ ಮಹಾರಾಣಿ ಎಂದಳು ಅವಳು. ನಾನು ಅಂದೆ, ಅವಳು ಅಂದಳು. ಹಿಂದಿನ ಎರಡು ವರ್ಷದ ಬಾಕಿಯನ್ನೂ ಸೇರಿಸಿ ಇಬ್ಬರೂ ಆಡಿದೆವು. ಬೀದಿ ಬೀದಿಯೇ ನಿಂತು ನೋಡಿತು. ಹೆಂಗಸರ ಗುಂಪಿನ ಹಿಂದೆ ಮೊಪೆಡ್ಡಿನ ಸದ್ದು ನಿಂತಾಗ ನನಗೆ ಎಚ್ಚರವಾಯಿತು. ಕಂಕುಳಲ್ಲಿ ಫೈಲು ಇಟ್ಟುಕೊಂಡು ಮೇಷ್ಟ್ರು ನಿಂತಿದ್ದರು.

ಬಾಯಿ ನನ್ನ ಓಟನ್ನು ತಿಂದು ಹಾಕಿತು ಎಂದುಕೊಂಡೆ. ಮಗುವನ್ನು ಎತ್ತಿಕೊಂಡು ಓಡಿ ಬಂದಿದ್ದ ಮಾಗಡಿ ಅಕ್ಕ ಹಣೆ ಚಚ್ಚಿಕೊಂಡಳು. ಮೇಷ್ಟ್ರು ನನ್ನನ್ನು ನೋಡಿ, ದೊಡ್ಡವ್ವನನ್ನು ನೋಡಿ, ಕೇಳಲೇಬೇಕಾದ್ದನ್ನು ಕೇಳಿದರು: ಈ ಹೆಣ್ಣುಮಗಳು ಇಲ್ಲಿ ವಾಸ ಇದ್ದಾರಾ, ಇಲ್ಲವಾ? ಇಲ್ಲ ಎಂದು ಪಟ್ಟಿಯಿಂದ ಕೈಬಿಟ್ಟಿದೆ.

ದೊಡ್ಡವ್ವನ ಮಗ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಬಾಗಿಲಿಗೆ ಬಂದ. ಬಾಡಿಗೆಯೋರು ಮೇಷ್ಟ್ರೆ, ಇವತ್ತು ಅವ್ರೆ, ನಾಳೆ ಇರಾಕಿಲ್ಲ, ಇಲ್ಲ ಅಂತ್ಲೇ ಬರ್ಕಳಿ ಎಂದ.

ದೊಡ್ಡವ್ವ ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ನೀನು ಸುಮ್ಕಿರ್ಲಾ," ಎಂದಳು. "ನೀರ್ ತಾವ ನಿಂತ್ಕಳೋಳು ನಾನಾ, ನೀನಾ?" ಆಮೇಲೆ ಮೇಷ್ಟ್ರಿಗೆ ಹೇಳಿದಳು: "ಇವ್ಳು ಇಲ್ಲ ಅಂತ ಯಾವನಂದ? ಎಲ್ಡು ವರ್ಸದಿಂದ ದಿನಾ ಬೆಳಿಗ್ಗೆ ನನ್ ತಾವ ಜಗಳ ಆಡ್ತಾವ್ಳೆ. ಇವ್ಳು ಇಲ್ದಿದ್ರೆ ನಾನು ಯಾರ್ ಜೊತೆ ಆಡ್ದೆ, ಗಾಳಿ ಜೊತೆನಾ? ನಂಗೇನು ತಲೆ ಕೆಟ್ಟೈತಾ? ನಡುವೆ ಬಾಣಂತನಕ್ಕೆ ಅಂತ ತವರಿಗೆ ಹೋಗಿದ್ಲು. ಏಳೆಂಟು ತಿಂಗ್ಳು ಈ ನಲ್ಲಿ ತಾವ ಒಂದು ಸದ್ದಿರ್ನಿಲ್ಲ. ಈಗ ಬಂದವ್ಳೆ, ನೀವೇ ಕೇಳುಸ್ಕಂಡ್ರಲ್ಲ."

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ, ಮೊಪೆಡ್ಡಿನ ಸೀಟಿನ ಮೇಲೆ ಕಾಗದ ಹರಡಿಕೊಂಡು ಬರೆಯತೊಡಗಿದರು. ನಾನು ಬಿಂದಿಗೆಯ ಪಕ್ಕ ಹಾಗೇ ನಿಂತಿದ್ದೆ. ಎರಡು ವರ್ಷ ನನ್ನನ್ನು ಹಿಂದಕ್ಕೆ ತಳ್ಳಿದ ಮುದುಕಿ, ನಾನು ಇಲ್ಲವೆಂದು ಒಬ್ಬರು ಹೇಳಿದ ಕೂಡಲೇ ಸಿಡಿದಿದ್ದಳು. ಹಿಂದಕ್ಕೆ ತಳ್ಳುವುದಕ್ಕಾದರೂ ನಾನು ಇರಬೇಕಲ್ಲ. ನಾನು ಅಲ್ಲಿದ್ದೇನೆ ಎಂಬುದಕ್ಕೆ ನನ್ನ ಬಳಿ ಇದ್ದದ್ದು ನಾನೇ ಬರೆದುಕೊಂಡ ಒಂದು ಕಾಗದ. ಅವಳ ಬಳಿ ಇದ್ದದ್ದು ದಿನದಿನದ ಜಗಳ. ನನಗೆ ಕಣ್ಣು ತುಂಬಿ ಬಂತು, ಅದನ್ನು ಅವಳು ನೋಡಬಾರದು ಎಂದು ನಲ್ಲಿಯ ಕಡೆ ತಿರುಗಿದೆ.

ಹೇಳಿಕೆಗೆ ದೊಡ್ಡವ್ವನ ಹೆಬ್ಬೆಟ್ಟು ಬೇಕಾಯಿತು. ಮೇಷ್ಟ್ರು ಚೀಲದಿಂದ ಇಂಕ್ ಪ್ಯಾಡ್ ತೆಗೆದರೆ ಅದು ಬಿಸಿಲಿಗೆ ಒಣಗಿ ರೊಟ್ಟಿಯಾಗಿತ್ತು. ಪೇಟೆಗೆ ಹೋಗಿ ತರುತ್ತೇನೆ ಎಂದರು. ಪೇಟೆಗೆ ಹೋಗಿ ಬರುವುದರೊಳಗೆ ಮಗ ತಾಯಿಯ ಮನಸ್ಸು ತಿರುಗಿಸಿದರೆ? ಆಗ ಮಾಗಡಿ ಅಕ್ಕ ಮಗುವನ್ನು ನನ್ನ ಕೈಗೆ ತುರುಕಿ ಸಾಲಿನ ಕಡೆ ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ. ವಾಪಸ್ಸು ಬಂದಾಗ ಅವಳ ಕೈಯಲ್ಲಿ ಮಗುವಿನ ಕಪ್ಪಿನ ಚಿಪ್ಪು ಇತ್ತು. ಸಬ್ಬಕ್ಕಿಯನ್ನು ಕರ್ರಗೆ ಹುರಿದು, ಕುದಿಸಿ, ತೆಂಗಿನ ಚಿಪ್ಪಿನಲ್ಲಿ ಒಣಗಿಸಿದ ಕಪ್ಪು. ದೃಷ್ಟಿಯಾಗದಿರಲಿ ಎಂದು ಮಗುವಿನ ಹಣೆಗೆ, ಕೆನ್ನೆಗೆ ಇಡಲು ನನ್ನ ಅಮ್ಮ ಮಾಡಿ ಕಳಿಸಿದ್ದು. ಎರಡು ಹನಿ ನೀರು ಬಿಟ್ಟು ಅಕ್ಕ ಅದನ್ನು ಬೆರಳಿನಿಂದ ಕಲೆಸಿದಳು.

ಇದು ನಡೆಯುತ್ತದಾ ಎಂದು ಅಕ್ಕ ಕೇಳಿದಳು. ಮೇಷ್ಟ್ರು ಚಿಪ್ಪನ್ನು ಒಮ್ಮೆ, ಸುತ್ತಲ ಹೆಂಗಸರನ್ನು ಒಮ್ಮೆ ನೋಡಿ, ಗೆರೆ ಕಂಡರೆ ಸಾಕು ಎಂದರು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಗೆರೆ ಒಂದೊಂದೂ ಕಂಡಿತು. ಆಮೇಲೆ ಬೆರಳಲ್ಲಿ ಉಳಿದಿದ್ದ ಕಪ್ಪನ್ನು ಸೆರಗಿಗೆ ಒರೆಸಿಕೊಳ್ಳದೆ, ನನ್ನ ತೋಳಿನಲ್ಲಿದ್ದ ಮಗುವಿನ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. ನನ್ನ ಮುಖವನ್ನು ಆಗಲೂ ನೋಡಲಿಲ್ಲ.

ಕೊನೆಯ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರು ಇತ್ತು. ಶಾಲೆಯ ಗೋಡೆಯ ಮುಂದೆ ನಿಂತು ಅದನ್ನು ಎಷ್ಟು ಹೊತ್ತು ನೋಡಿದೆನೋ. ಹೆಸರು, ಗಂಡನ ಹೆಸರು, ಮನೆ ನಂಬರು. ನಮ್ಮ ಕೋಣೆಗೆ ನಂಬರು ಇದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಬರುವಾಗ ದಾರಿಯಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು ಸಾಲಿಗೆಲ್ಲ ಹಂಚಿದೆ. ನಕ್ಕವರೆಲ್ಲ ತಿಂದರು, ತಿಂದು ಅರ್ಜಿ ಹೇಗೆ ಬರೆಯುವುದು ಎಂದು ಕೇಳಿದರು. ಮೊದಲು ಕೇಳಿದವಳು ಮಾಗಡಿ ಅಕ್ಕ. ಅವಳಿಗೆ ಕಾಗದವನ್ನು ನಾನೇ ಬರೆದು ಪೋಸ್ಟ್ ಮಾಡಿದೆ, ಆರೋಗ್ಯದ ಕಡೆ ಗಮನವಿರಲಿ ಎಂದು ಅದರಲ್ಲೂ ಸೇರಿಸಿದೆ. ಆ ಎಲೆಕ್ಷನ್ನಿಗೆ ಅವರ ಹೆಸರುಗಳು ಸೇರಲಿಲ್ಲ, ಹೊತ್ತು ಮೀರಿತ್ತು. ಮುಂದಿನದಕ್ಕೆ ಸಾಲಿಗೆ ಸಾಲೇ ಪಟ್ಟಿಯಲ್ಲಿತ್ತು.

ಎಲೆಕ್ಷನ್ನಿಗೆ ಮುಂಚೆ ದೊಡ್ಡವ್ವನ ಮಗ ಹತ್ತಾರು ಜನರ ಜೊತೆ ನಮ್ಮ ಸಾಲಿಗೆ ಬಂದ. ಆ ಸಾಲು ಕಟ್ಟಿದ ಮೇಲೆ ಒಬ್ಬ ಅಭ್ಯರ್ಥಿ ಅಲ್ಲಿಗೆ ಕೈಮುಗಿದು ಬಂದದ್ದು ಅದೇ ಮೊದಲು. ಬಂದದ್ದು ಒಂದೇ ಒಂದು ಓಟಿಗೆ. ನಾನು ಬಾಗಿಲಲ್ಲಿ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ, ಎದ್ದೇಳಲಿಲ್ಲ. ನಮ್ಮ ಸಾಲಿಗೆ ಒಂದು ನಲ್ಲಿ ಬೇಕು ಎಂದೆ. ನೋಡೋಣಕ್ಕ ಎಂದ. ನೋಡೋಣ ಅನ್ನುವವರನ್ನು ನಾನು ನೋಡಿದ್ದೇನೆ ಎಂದೆ. ಅವನ ಹಿಂದಿದ್ದವರು ನಕ್ಕರು, ಅವನೂ ನಕ್ಕ. ಅಕ್ಕ ಎಂದು ಕರೆದನಲ್ಲ, ಅಷ್ಟು ಸಾಕಿತ್ತು ಅವತ್ತಿಗೆ.

ಓಟಿನ ದಿನ ಮಗುವನ್ನು ಎತ್ತಿಕೊಂಡು ಶಾಲೆಗೆ ಹೋದೆ. ಸರದಿಯಲ್ಲಿ ದೊಡ್ಡವ್ವ ನನಗಿಂತ ಎಷ್ಟೋ ಮುಂದೆ ನಿಂತಿದ್ದಳು. ನನ್ನ ಬೆರಳಿಗೆ ಶಾಯಿ ಹಚ್ಚಿದ ಹುಡುಗಿ, ಯಾಕಮ್ಮ ಅಳ್ತೀರಾ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಯಾರಿಗೆ ಓಟು ಹಾಕಿದೆ ಎಂದು ನಮ್ಮನೆಯವರಿಗೂ ಇವತ್ತಿನವರೆಗೆ ಹೇಳಿಲ್ಲ. ಸಂಜೆ ಮಾವನವರ ಫೋನು ಬಂತು. ಎಷ್ಟೋ ತಿಂಗಳ ಮೇಲೆ ಅವರು ನೇರವಾಗಿ ನನ್ನನ್ನೇ ಕರೆದು ಮಾತಾಡಿದರು. ಯಾರೋ ಊರಿನಲ್ಲಿ ಮನೆಯ ಓಟು ಎಷ್ಟು ಎಂದು ಕೇಳಿದರಂತೆ.

"ಇಲ್ಲಿ ಹತ್ತು, ಬಿಡದೀಲಿ ಒಂದು ಅಂದೆ ಕನವ್ವ," ಎಂದರು. "ಎಲ್ಡು ಊರಲ್ಲೂ ನಮ್ದೈತೆ ಅಂದೆ."

ಮಾರನೆಯ ಬೆಳಿಗ್ಗೆ ತೊಂಬೆಗೆ ಹೋದೆ. ಬಿಂದಿಗೆಗಳು ಸಾಲಾಗಿ ಕೂತಿದ್ದವು. ಶಾಯಿ ಹತ್ತಿದ ಬೆರಳು ಎಲ್ಲರಿಗೂ ಕಾಣುವ ಹಾಗೆ ನನ್ನ ಬಿಂದಿಗೆಯನ್ನು ಎತ್ತಿ, ನೇರ ಹೋಗಿ ಎಲ್ಲರಿಗಿಂತ ಮುಂದೆ, ದೊಡ್ಡವ್ವನ ಹಿತ್ತಾಳೆ ಬಿಂದಿಗೆಗೂ ಮುಂದೆ ಇಟ್ಟೆ. ಬೀದಿ ಮತ್ತೆ ನಿಂತು ನೋಡಿತು. ದೊಡ್ಡವ್ವ ಜಗಲಿ ಇಳಿದು ಬಂದಳು. ಬಿಂದಿಗೆಯನ್ನು ನೋಡಿದಳು, ನನ್ನ ಬೆರಳನ್ನು ನೋಡಿದಳು, ಕೊನೆಗೆ ನನ್ನ ಮುಖವನ್ನೂ ನೋಡಿದಳು.

"ಓಟು ಬಂತು ಅಂತ ವಯಸ್ಸೂ ಬಂದ್ಬುಡ್ತಾ?" ಎಂದಳು. ಬಗ್ಗಿ ನನ್ನ ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಸಾಲಿನ ಕೊನೆಗೆ ಒಯ್ಯಲಿಲ್ಲ. ತನ್ನ ಬಿಂದಿಗೆಯ ಹಿಂದೆ, ಉಳಿದೆಲ್ಲ ಬಿಂದಿಗೆಗಳ ಮುಂದೆ ಇಟ್ಟಳು.

ಅವತ್ತು ನನ್ನ ಬಿಂದಿಗೆ ಕಂಠದವರೆಗೆ ತುಂಬಿತು. ಮನೆಗೆ ಬರುವಷ್ಟರಲ್ಲಿ ಸೆರಗೆಲ್ಲ ಒದ್ದೆಯಾಗಿತ್ತು.